ನಾಳೆ ಕ್ಯಾಪ್ಟನ್ ಮತ್ತು ತೂತಿನ ಬೋಲ್ಟು

ನಮ್ಮ ಮನೆಯ ಉದ್ದ ಮೂವತ್ತೊಂದು ಅಡಿ, ಅಗಲ ಒಂಬತ್ತು ಅಡಿ, ಎತ್ತರ ನಮ್ಮವರ ತಲೆಗಿಂತ ಎರಡು ಇಂಚು ಕಡಿಮೆ. ಆ ಎರಡು ಇಂಚು ಎಲ್ಲಿ ಹೋಯಿತು ಎಂದು ಕೇಳುವವರು ಅವರ ಹಣೆಯ ಮೇಲಿನ ಬುಗುಟೆಗಳನ್ನು ನೋಡಬಹುದು. ಮನೆ ಎಂದರೆ ಹಾಯಿದೋಣಿ. ಹಾಯಿದೋಣಿಯಲ್ಲಿದ್ದೇವೆ ಎಂದರೆ ಹಾಯಾಗಿದ್ದೇವೆ ಎಂದು ಜನ ತಿಳಿಯುತ್ತಾರೆ. ಹಾಯಿ ಇತ್ತು, ಸುಳ್ಳಲ್ಲ. ಮಡಿಚಿ ಚೀಲದಲ್ಲಿಟ್ಟಿದ್ದೆವು. ಹಾಯಾಗಿರುವುದನ್ನೂ ಅದರ ಜೊತೆಗೇ ಮಡಿಚಿಟ್ಟಿದ್ದೆವು.

ನಮ್ಮವರು ಮೂವತ್ತೆರಡು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಇಡೀ ಊರನ್ನು ಮೇಲಕ್ಕೂ ಕೆಳಕ್ಕೂ ಓಡಾಡಿಸಿದ ಮನುಷ್ಯ, ಮುಂದಕ್ಕೆ ಹೋಗುವ ಅಭ್ಯಾಸ ಮಾತ್ರ ಆಗಿರಲಿಲ್ಲ. ನಾನು ಅವರು ಲಿಫ್ಟ್ ನೋಡಿಕೊಳ್ಳುತ್ತಿದ್ದ ಕಟ್ಟಡವೊಂದರ ಮೆಟ್ಟಿಲ ಅಡಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದೆ. ಮೆಷಿನ್ ಹಿಡಿಸುತ್ತಿದ್ದದ್ದು ಒಂದೇ ಕಡೆ, ಗೋಡೆಗೆ ಮುಖ ಮಾಡಿ. ಇಪ್ಪತ್ತೆಂಟು ವರ್ಷ ಗೋಡೆ ನೋಡುತ್ತಾ ಕೂತು ಊರಿನವರೆಲ್ಲರ ಮಾನ ಮುಚ್ಚಿದೆ.

ಕೆಲಸದಿಂದ ನಿವೃತ್ತರಾದ ದಿನ ನಮ್ಮವರು ಟೀ ಲೋಟ ಹಿಡಿದುಕೊಂಡು ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದರು, "ನಿನಗೆ ದಿನಕ್ಕೊಂದು ಥರ ಕಾಣೋ ಕಿಟಕಿ ಕೊಡಿಸ್ತೀನಿ ಕಣೇ."

ನಾನು ಮೂಲೆ ಮನೆ ಇರಬೇಕು ಅಂದುಕೊಂಡೆ. ಇವರು ದೋಣಿ ತಂದರು. ಕಿಟಕಿಯೇನೋ ಇತ್ತು, ಊಟದ ತಟ್ಟೆಯಷ್ಟು, ದುಂಡಗೆ. ಮಲಗುವ ಹಲಗೆಯ ಪಕ್ಕದಲ್ಲೇ. ದೋಣಿಯನ್ನು ಕಟ್ಟಿಹಾಕಿದ್ದ ಜಾಗದಿಂದ ಅದರಲ್ಲಿ ಕಾಣುತ್ತಿದ್ದದ್ದು ಎದುರಿನ ಐಸ್ ಫ್ಯಾಕ್ಟರಿಯ ಗೋಡೆ. ಬಿಳಿ ಸುಣ್ಣ, ನಡುವೆ ಒಂದು ಬಿರುಕು, ಬಿರುಕಿನ ಪಕ್ಕ ಸೋರುವ ಕೊಳವೆ. ಇಪ್ಪತ್ತೊಂದು ತಿಂಗಳು ಅದೇ ಗೋಡೆ. ಜಾಗ ಬದಲಾಯಿತು, ಗೋಡೆ ನನ್ನ ಬೆನ್ನು ಬಿಡಲಿಲ್ಲ. ತಪ್ಪಾಯಿತು, ಮುಖ ಬಿಡಲಿಲ್ಲ.

ಬಂದರು ಎಂಬ ಪದಕ್ಕೆ ನಮ್ಮಷ್ಟು ನಿಯತ್ತಾಗಿ ನಡೆದುಕೊಂಡವರು ಇಲ್ಲ. ಬಂದರು. ಅಷ್ಟೇ. ಹೋದರು ಎಂದು ಯಾರೂ ಹೇಳುವಂತೆ ಆಗಲಿಲ್ಲ.

ಯಾಕೆಂದರೆ ರಿಪೇರಿ. ಟಾಯ್ಲೆಟ್ ಪಂಪು ಸೋರುತ್ತದೆ ಎಂದು ಬಿಚ್ಚಿದರು. ಪಂಪು ಸರಿ ಇತ್ತು, ಕೊಳವೆ ಕೆಟ್ಟಿತ್ತು. ಕೊಳವೆ ತೆಗೆಯಲು ಹಲಗೆ ಎಬ್ಬಿಸಿದರು. ಹಲಗೆಯ ಕೆಳಗೆ ವೈರು ಕಂಡಿತು. ಕಂಡ ಮೇಲೆ ಬಿಡುವುದು ಹೇಗೆ? ಅಡುಗೆ ಒಲೆಯ ಹತ್ತಿರದ ದೀಪ ಆರಿಹೋದಾಗ, ಅದು ಟಾಯ್ಲೆಟ್ಟಿನ ರಿಪೇರಿಯ ಮುಂದುವರಿದ ಭಾಗ ಎಂದು ನನಗೆ ತಿಳಿಯಲು ಒಂದು ವಾರ ಬೇಕಾಯಿತು. ಇಂಜಿನ್ನಿನ ರಬ್ಬರ್ ಬಳೆ ಒಂದಕ್ಕೆ ಬರೆದು ಹಾಕಿದರೆ ಎರಡು ತಿಂಗಳ ಮೇಲೆ ಅದರ ಅಣ್ಣ ಬಂದ. ವಾಪಸ್ಸು ಕಳಿಸಿದರೆ ಮೂರು ತಿಂಗಳ ಮೇಲೆ ಅದರ ತಮ್ಮ ಬಂದ. ಬೇಕಾಗಿದ್ದವನು ಬರುವ ಹೊತ್ತಿಗೆ ಪಕ್ಕದಲ್ಲಿ ಮತ್ತೊಂದು ಬಳೆ ಒಡೆದಿತ್ತು.

ಕೆಲಸದಲ್ಲಿದ್ದಾಗಿನ ಹಳದಿ ಬೋರ್ಡೊಂದನ್ನು ಇವರು ನೆನಪಿಗೆಂದು ತಂದಿದ್ದರು. "ದುರಸ್ತಿಯಲ್ಲಿದೆ, ದಯವಿಟ್ಟು ಸಹಕರಿಸಿ." ಅದು ದೋಣಿಯ ಕಂಬಿಯ ಮೇಲೆ ನೇತಾಡುತ್ತಿತ್ತು. ಇಪ್ಪತ್ತೊಂದು ತಿಂಗಳು ನಾನು ಸಹಕರಿಸಿದೆ.

ಬಂದರಿನ ಕಟ್ಟೆಯ ಮೇಲೆ, ಒಂದು ಕಾಲಿಗೆ ಹಗ್ಗ ಸುತ್ತಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಪೈಲಟ್ ಮಾವ ಕೂತಿರುತ್ತಿದ್ದರು. ವಿಮಾನದ ಪೈಲಟ್ ಅಲ್ಲ. ನದಿ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ದೊಡ್ಡ ದೋಣಿಗಳನ್ನು ಮರಳಿಗೆ ತಗುಲದಂತೆ ದಾಟಿಸುತ್ತಿದ್ದವರು, ಈಗ ವಯಸ್ಸಾಗಿ ಕುರ್ಚಿಗೆ ತಗುಲಿಕೊಂಡವರು. "ಯಾವಾಗ ಹೊರಡೋದು?" ಎಂದು ದಿನಾ ಕೇಳುತ್ತಿದ್ದರು. "ನಾಳೆ ಮಾವ, ಇದೊಂದು ಆಗ್ಲಿ" ಎಂದು ನಮ್ಮವರು ದಿನಾ ಹೇಳುತ್ತಿದ್ದರು. ಹೀಗೆ ಇವರಿಗೆ 'ನಾಳೆ ಕ್ಯಾಪ್ಟನ್' ಎಂಬ ಬಿರುದು ಬಂತು. ಇವರು ಅದರಲ್ಲಿ ಎರಡನೆಯ ಪದವನ್ನು ಮಾತ್ರ ಕೇಳಿಸಿಕೊಂಡು ಖುಷಿಪಟ್ಟರು.

ಆ ಪೈಲಟ್ ಮಾವನೇ ಒಂದು ಸಂಜೆ ನನ್ನನ್ನು ಕರೆದರು.

"ಮಗಳೇ, ಅಳಿವೇಲಿ ಮರಳು ಏರ್ತಾ ಇದೆ. ಬರೋ ಗುರುವಾರ ಬೆಳಿಗ್ಗೆ ಈ ಸಲದ ಕೊನೇ ದೊಡ್ಡ ಉಬ್ಬರ. ಅವತ್ತು ದಾಟಿದ್ರೆ ದಾಟಿದ್ರಿ. ಇಲ್ಲಾಂದ್ರೆ ಇನ್ನು ಎಂಟು ತಿಂಗಳು ನನ್ನ ಮುಖಾನೇ ನೋಡ್ಕೊಂಡಿರಬೇಕು."

ನಮ್ಮ ದೋಣಿಯ ಹೊಟ್ಟೆಯ ಕೆಳಗೆ ಐದು ಅಡಿಯ ಕಬ್ಬಿಣದ ರೆಕ್ಕೆಯೊಂದು ಇಳಿಬಿದ್ದಿದೆ. ಅದು ಇರುವುದರಿಂದಲೇ ದೋಣಿ ಗಾಳಿಗೆ ಮಗುಚುವುದಿಲ್ಲ. ಅದು ಇರುವುದರಿಂದಲೇ ಕಡಿಮೆ ನೀರಿನಲ್ಲಿ ಮರಳು ದಾಟುವುದೂ ಇಲ್ಲ. ಹಿಂದಿನ ವರ್ಷದ ದೊಡ್ಡ ಉಬ್ಬರ ಬಂದು ಹೋದಾಗ ನಮ್ಮ ಇಂಜಿನ್ನು ಹಳೇ ಟವೆಲ್ಲಿನ ಮೇಲೆ ಸಾಲಾಗಿ ಮಲಗಿತ್ತು.

ಅದೇ ರಾತ್ರಿ ತಂಗಿಯ ಫೋನು. ಅವಳಿರುವುದು ಮೂರು ಬಂದರು ಆಚೆ, ಬಸ್ಸಿನಲ್ಲಿ ನಾಲ್ಕು ಗಂಟೆ.

"ಅಕ್ಕಾ, ಮಹಡಿ ರೂಮು ಇನ್ನೂ ಖಾಲಿ ಇಟ್ಟಿದ್ದೀನಿ. ಶುಕ್ರವಾರದ ತನಕ ಅಷ್ಟೇ. ಆಮೇಲೆ ಇವರು ಬೇರೆಯವರಿಗೆ ಕೊಡ್ತಾರೆ. ನೆಟ್ಟಗೆ ನಿಂತು ತಲೆ ಬಾಚ್ಕೋಬಹುದು ಕಣೇ ಇಲ್ಲಿ!"

"ಕಿಟಕಿ ಇದೆಯೇನೇ?"

"ಎರಡಿದೆ. ಒಂದರಲ್ಲಿ ರಸ್ತೆ ಕಾಣುತ್ತೆ, ಇನ್ನೊಂದರಲ್ಲಿ ಪಕ್ಕದ ಮನೆಯೋರ ಜಗಳ ಕಾಣುತ್ತೆ. ನಿನಗಿನ್ನೇನು ಬೇಕು?"

ಫೋನಿಟ್ಟು ನಮ್ಮವರ ಮುಂದೆ ಕೂತೆ. ಅವರು ಬ್ಯಾಟರಿಯ ತಂತಿ ಉಜ್ಜುತ್ತಿದ್ದರು.

"ರೀ, ಗುರುವಾರ ಈ ದೋಣಿ ಅಳಿವೆ ದಾಟಬೇಕು. ದಾಟಲಿಲ್ಲ ಅಂದ್ರೆ ಶುಕ್ರವಾರ ನಾನು ಬಸ್ ಹತ್ತಬೇಕು. ಎರಡರಲ್ಲಿ ಒಂದು. ಕೋಪ ಮಾಡ್ಕೊಂಡು ಹೇಳ್ತಿಲ್ಲ, ನೋಡಿ, ನಗ್ತಾನೇ ಇದ್ದೀನಿ."

ಅವರು ನನ್ನ ನಗು ನೋಡಿ ನಿಜಕ್ಕೂ ಹೆದರಿದರು. ಮೂವತ್ತು ವರ್ಷದ ಸಂಸಾರ. ನಾನು ಕೂಗಾಡಿದರೆ ಮಳೆ, ನಕ್ಕರೆ ಸಿಡಿಲು ಎಂದು ಅವರಿಗೆ ಗೊತ್ತು.

"ಗುರುವಾರ ಗ್ಯಾರಂಟಿ," ಎಂದರು. "ಒಂದು ಸಲ ಎಲ್ಲಾ ಬಿಚ್ಚಿ ನೋಡ್ಬಿಡ್ತೀನಿ ಅಷ್ಟೇ."

ಇಲ್ಲಿ ಲಿಫ್ಟಿನವರ ಒಂದು ಕಟ್ಟಳೆ ಹೇಳಬೇಕು. ಲಿಫ್ಟು ಬಿಚ್ಚಿಟ್ಟಾಗ ಯಾರೋ ಬಂದು ಗುಂಡಿ ಒತ್ತಿಬಿಟ್ಟರೆ ಒಳಗಿದ್ದವನ ಕಥೆ ಮುಗಿಯಿತು. ಅದಕ್ಕೆ ಕೆಲಸ ಶುರು ಮಾಡುವ ಮೊದಲು, ಅದಿಲ್ಲದೆ ಯಂತ್ರ ನಡೆಯಲಾರದಂಥ ಭಾಗವೊಂದನ್ನು ಕಳಚಿ ಜೇಬಿನಲ್ಲಿ ಇಟ್ಟುಕೊಳ್ಳುವುದು. ಮದುವೆಯಾದ ಹೊಸತರಲ್ಲಿ ಇವರ ಎದೆ ಜೇಬಿನಿಂದ ಹೀಗೊಂದು ಭಾಗ ಏಳನೇ ಮಹಡಿಯಿಂದ ಲಿಫ್ಟಿನ ಹೊಂಡಕ್ಕೆ ಬಿದ್ದು, ಹುಡುಕಲು ಎರಡು ದಿನ ಹಿಡಿಯಿತು. ಅವತ್ತಿನಿಂದ ಇವರ ಪ್ರತಿಯೊಂದು ಖಾಕಿ ಶರ್ಟಿಗೂ ಎಡಗಂಕುಳ ಕೆಳಗೆ, ಒಳಬದಿಯಲ್ಲಿ, ಬಾಯಿಗೆ ಗುಂಡಿ ಇರುವ ಒಂದು ಗುಟ್ಟಿನ ಜೇಬು ಹೊಲಿದುಕೊಡುವುದು ನನ್ನ ಪಾಲಿನ ಕಟ್ಟಳೆಯಾಯಿತು.

ಸೋಮವಾರ ಇವರು ಇಂಜಿನ್ನಿನ ಪೆಟ್ಟಿಗೆಯೊಳಗೆ ಸೊಂಟದ ತನಕ ಇಳಿದರು. ಮಂಗಳವಾರವೂ ಅಲ್ಲೇ ಇದ್ದರು. ಎರಡು ದಿನ ನಾನು ಸಂಸಾರ ಮಾಡಿದ್ದು ಅವರ ಕಾಲುಗಳ ಜೊತೆ.

ಮಂಗಳವಾರ ನಾನು ಹಾಯಿಯನ್ನು ಚೀಲದಿಂದ ಹೊರತೆಗೆದೆ. ಒಮ್ಮೆಯೂ ಕೆಲಸ ಮಾಡದೆ ಸವೆದಿತ್ತು. ಕೆಲವು ಮನುಷ್ಯರೂ ಹಾಗೇ ಸವೆಯುತ್ತಾರೆ. ಕಂಬದ ತುದಿಗೆ ಹೋಗುವ ಮೇಲಿನ ಮೂಲೆಯಲ್ಲಿ ಬಟ್ಟೆ ಬಿರಿದಿತ್ತು. ಗಾಳಿಯ ಎಳೆತವೆಲ್ಲ ಬೀಳುವ ಜಾಗ ಅದು, ಗಟ್ಟಿ ತೇಪೆ ಬೇಕು. ಸುತ್ತ ನೋಡಿದೆ. ಮೊಳೆಯ ಮೇಲೆ ಇವರ ಹಳೇ ಖಾಕಿ ಶರ್ಟು ನೇತಾಡುತ್ತಿತ್ತು, ಎಣ್ಣೆ ಕುಡಿದು ಕುಡಿದು ತೊಗಲಿನಂತಾಗಿತ್ತು.

"ರೀ, ಈ ಹಳೇ ಶರ್ಟ್ ಹರೀಲಾ?"

"ಹೂಂ," ಎಂದವು ಕಾಲುಗಳು.

ಕಾಲುಗಳು ಎಲ್ಲದಕ್ಕೂ ಹೂಂ ಅನ್ನುತ್ತಿದ್ದವು ಎಂಬುದು ಆಗ ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ತಂಗಿಯ ಫೋನೂ ಬಂತು. ಕಿವಿಗೂ ಭುಜಕ್ಕೂ ನಡುವೆ ಫೋನನ್ನು ಸಿಕ್ಕಿಸಿಕೊಂಡು, ಮಹಡಿ ರೂಮಿನ ಗುಣಗಾನ ಕೇಳುತ್ತಾ, ಶರ್ಟನ್ನು ಕತ್ತರಿಸಿ ನಾಲ್ಕು ಮಡಿಕೆ ಮಾಡಿ, ಅಂಗೈಗೆ ತೊಗಲು ಕಟ್ಟಿಕೊಂಡು ದಬ್ಬಳದಿಂದ ಹೊಲಿದೆ. ಒಂದು ಕಡೆ ದಬ್ಬಳ 'ಟಕ್' ಎಂದು ನಿಂತಿತು. ಹೊಲಿಗೆ ಮೇಲೆ ಹೊಲಿಗೆ ಕೂಡಿದ ಗಂಟಿರಬೇಕು ಎಂದುಕೊಂಡು ಪಕ್ಕಕ್ಕೆ ಹೊರಳಿಸಿ ಮುಂದೆ ಹೋದೆ. ಗಟ್ಟಿ ಬರಲೆಂದು ಎರಡು ಸುತ್ತು ಹೊಲಿದೆ. ನನ್ನ ಹೊಲಿಗೆ ಬಿಚ್ಚಿಕೊಂಡಿತು ಎಂದು ಇವತ್ತಿನವರೆಗೆ ಯಾರೂ ವಾಪಸ್ಸು ಬಂದಿಲ್ಲ.

ಗುರುವಾರ ಬೆಳಿಗ್ಗೆ ಏಳೂವರೆಗೆ ಎಲ್ಲ ಸಿದ್ಧ. ಪಾತ್ರೆಗಳನ್ನು ಕಟ್ಟಿಟ್ಟಿದ್ದೆ. ಉಬ್ಬರ ತುಂಬುವುದು ಎಂಟೂ ನಲವತ್ತಕ್ಕೆ. ಅದರ ಆಚೀಚೆ ಅರ್ಧ ಗಂಟೆ ಅಳಿವೆಯಲ್ಲಿ ನಮಗೆ ಬೇಕಾದಷ್ಟು ನೀರು. ನಮ್ಮವರು ಇಂಜಿನ್ ಪೆಟ್ಟಿಗೆ ತೆರೆದು ಕೊನೆಯ ಸಲ ಬಗ್ಗಿದರು. ಬಗ್ಗಿದವರು ಹಾಗೇ ನಿಂತರು.

"ತೂತಿನ ಬೋಲ್ಟ್ ಇಲ್ಲ."

ಡೀಸೆಲ್ಲಿನ ಸಣ್ಣ ಕೊಳವೆಯನ್ನು ಇಂಜಿನ್ನಿಗೆ ಜೋಡಿಸುವ ಹಿತ್ತಾಳೆ ಬೋಲ್ಟು ಅದು. ಡೀಸೆಲ್ ಅದರ ನಡುವಿನ ತೂತಿನಿಂದಲೇ ಹರಿಯಬೇಕು. ಅಂಥದ್ದು ಬಂದರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಬರೆದು ಹಾಕಿದರೆ ಮೊದಲು ಅದರ ಅಣ್ಣ ಬರುತ್ತಾನೆ.

"ಇಲ್ಲ ಅಂದ್ರೆ?"

"ಸೋಮವಾರ ನಾನೇ ತೆಗೆದಿಟ್ಟಿದ್ದೆ. ಬಿಚ್ಚಿರೋವಾಗ ಯಾರಾದ್ರೂ ಸ್ಟಾರ್ಟ್ ಮಾಡಿದ್ರೆ ಅಂತ."

"ಯಾರು ಮಾಡ್ತಾರ್ರೀ? ಇಲ್ಲಿರೋದು ನಾವಿಬ್ಬರು. ಒಬ್ಬರು ಇಂಜಿನ್ ಒಳಗಿದ್ರಿ."

"ನಿಯಮ ಅಂದ್ರೆ ನಿಯಮ ಕಣೇ." ಅವರ ಬಲಗೈ ತಾನಾಗಿಯೇ ಎಡಗಂಕುಳ ಕೆಳಗೆ ಹೋಯಿತು. "ಖಾಕಿ ಶರ್ಟ್ ಎಲ್ಲಿ?"

ಆ ಕ್ಷಣ ನನ್ನ ಕಿವಿಯಲ್ಲಿ ದಬ್ಬಳ 'ಟಕ್' ಎಂದಿತು.

ಎಲ್ಲ ಒಟ್ಟಿಗೆ ತಿಳಿಯಿತು. ಬೋಲ್ಟು ಹಾಯಿಯ ಮೂಲೆಯಲ್ಲಿದೆ, ನಾಲ್ಕು ಮಡಿಕೆಯ ಒಳಗೆ, ಎರಡು ಸುತ್ತು ಹೊಲಿಗೆಯ ಭದ್ರತೆಯಲ್ಲಿ. ಹೇಳಿದರೆ ಏನಾಗುತ್ತದೆ ಎಂಬುದೂ ತಿಳಿಯಿತು. ಇವರು "ಎರಡೇ ನಿಮಿಷ" ಅನ್ನುತ್ತಾರೆ. ಹೊಲಿಗೆ ಬಿಚ್ಚಲು ಮುಕ್ಕಾಲು ಗಂಟೆ. ಬೋಲ್ಟು ಹಾಕುವಾಗ ಪಕ್ಕದ ಕೊಳವೆ ಸ್ವಲ್ಪ ಸಡಿಲ ಕಾಣುತ್ತದೆ. ಕಂಡ ಮೇಲೆ ಬಿಡುವುದು ಹೇಗೆ?

"ಹುಡುಕಿದ್ರೆ ಸಿಗುತ್ತೆ, ಎಲ್ಲೂ ಹೋಗಿರಲ್ಲ," ಎಂದೆ. ಸುಳ್ಳು ಹೇಳಲಿಲ್ಲ. ಇಪ್ಪತ್ತೆಂಟು ವರ್ಷದ ಅನುಭವದಿಂದ, ಒಂದು ಮಾತನ್ನು ಒಳಗೆ ಮಡಿಚಿ ಮೇಲೆ ಹೊಲಿಗೆ ಹಾಕಿದೆ.

ಹಲಗೆಗಳನ್ನು ಎತ್ತಿ, ಡಬ್ಬಿಗಳನ್ನು ಸುರಿದು, ಎಂಟೂ ಕಾಲಿನ ತನಕ ಹುಡುಕಿದರು. ಕೊನೆಗೆ ಮೇಲೆ ಬಂದು ಕೂತರು. ಮುಖ ಸಣ್ಣಗಾಗಿತ್ತು. ನನ್ನನ್ನು ನೋಡದೆ ಕೇಳಿದರು, "ಶುಕ್ರವಾರ ಬಸ್ಸು ಎಷ್ಟು ಗಂಟೆಗೆ?"

ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಕಟ್ಟೆಯ ಮೇಲಿಂದ ಪೈಲಟ್ ಮಾವ ಕೂಗಿದರು.

"ಏನಯ್ಯಾ ನಾಳೆ ಕ್ಯಾಪ್ಟನ್, ಇವತ್ತೂ ನಾಳೇನಾ?"

"ಇಂಜಿನ್ ಸ್ಟಾರ್ಟ್ ಆಗಲ್ಲ ಮಾವ."

"ಇದೇನು?" ಮಾವ ಎದ್ದುನಿಂತು ನಮ್ಮ ಕಂಬದ ಕಡೆ ಕೈ ತೋರಿಸಿದರು. "ಬಟ್ಟೆ ಒಣಗಿಸೋಕೆ ನೆಟ್ಟಿದ್ದೀಯಾ? ಹಾಯಿದೋಣಿ ಇಟ್ಕೊಂಡು ಇಂಜಿನ್ನಿಗೆ ಅಳ್ತಾನೆ ನೋಡು! ನಮ್ಮಪ್ಪನ ದೋಣೀಲಿ ಇಂಜಿನ್ ಅಂದ್ರೆ ನಾವು ನಾಲ್ಕು ಜನ ಮಕ್ಕಳು. ಬೆಳಗಿನ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸ್ತಾ ಇದೆ. ಒಂಬತ್ತರ ಮೇಲೆ ತಿರುಗುತ್ತೆ. ಎತ್ತೋ ಹಾಯಿ!"

"ಹಾಯಿ ಎತ್ತಿ ನಮಗೆ ಅಳಿವೆ ದಾಟಿ ಗೊತ್ತಿಲ್ಲ ಮಾವ. ಕಲಿತಿದ್ದೆಲ್ಲಾ ಕೆರೇಲಿ, ಮೂರೇ ವಾರ."

"ಅಳಿವೆ ನನಗೆ ಗೊತ್ತು. ಮಗಳೇ, ನೀನು ಚುಕ್ಕಾಣಿ ಹಿಡಿ. ಮುಂದೆ ನೋಡ್ಬೇಡ, ಹಿಂದೆ ನೋಡು. ಈ ಐಸ್ ಫ್ಯಾಕ್ಟರಿ ಗೋಡೆ ಇದೆಯಲ್ಲ, ಅದರ ಹಿಂದೆ ಗುಡ್ಡದ ಮೇಲೆ ನೀರಿನ ಟ್ಯಾಂಕ್. ಗೋಡೆ ಬಿರುಕಿನ ನೆತ್ತಿ ಮೇಲೆ ಟ್ಯಾಂಕ್ ಕೂತಿರಬೇಕು. ಕೂತಿದ್ರೆ ನಿನ್ನ ಕೆಳಗೆ ನೀರಿದೆ. ಟ್ಯಾಂಕ್ ಆಚೀಚೆ ಜಾರಿದ್ರೆ ಮರಳಿದೆ."

ಇಪ್ಪತ್ತೊಂದು ತಿಂಗಳು ನಾನು ಶಾಪ ಹಾಕಿದ ಗೋಡೆ! ಅದರ ಬಿರುಕು ನನಗೆ ನನ್ನ ಅಂಗೈ ಗೆರೆಯಷ್ಟೇ ಗೊತ್ತಿತ್ತು.

"ರೀ, ಎತ್ರೀ ಹಾಯಿ," ಎಂದೆ.

ನಮ್ಮವರು ಹಗ್ಗ ಎಳೆದರು. ಹಾಯಿ ಮೇಲೇರಿತು, ಅದರ ಜೊತೆ ಖಾಕಿ ತೇಪೆ, ತೇಪೆಯ ಜೊತೆ ಬೋಲ್ಟು. ಲಿಫ್ಟಿನವರು, ಮೇಲಕ್ಕೆ ಕಳಿಸುವುದರಲ್ಲಿ ಕೈ ಪಳಗಿದವರು. ಮಾವ ನಮ್ಮ ಹಗ್ಗ ಬಿಚ್ಚಿ ಎಸೆದರು. ದೋಣಿ ಕಟ್ಟೆ ಬಿಡುವ ಹೊತ್ತಿನಲ್ಲಿ ಕೈ ಚಾಚಿ ಕಂಬಿಯಿಂದ ಹಳದಿ ಬೋರ್ಡನ್ನು ಕಿತ್ತುಕೊಂಡು ತಮ್ಮ ಕುರ್ಚಿಗೆ ನೇತುಹಾಕಿದರು. "ಇದು ನನಗಿರ್ಲಿ. ಮೊಣಕಾಲಿಗೆ ಸರಿಯಾಗಿದೆ."

ಸದ್ದಿಲ್ಲದೆ ಹೊರಟೆವು. ದೋಣಿ ಹೊರಟರೆ ಭರ್ ಎನ್ನುತ್ತದೆ ಎಂದು ನಾನು ಎಣಿಸಿದ್ದೆ. ಹಾಗೇನೂ ಆಗಲಿಲ್ಲ. ಕಟ್ಟೆಯೇ ಮೆಲ್ಲಗೆ ಹಿಂದೆ ಸರಿಯಿತು, ಯಾರೋ ಪರದೆ ಎಳೆದಂತೆ.

ನಾನು ಬೆನ್ನು ತಿರುಗಿಸಿ ಕೂತು ಗೋಡೆ ನೋಡುತ್ತಿದ್ದೆ. ಬಿರುಕು, ಅದರ ಮೇಲೆ ಟ್ಯಾಂಕು. ಟ್ಯಾಂಕು ಬಲಕ್ಕೆ ಜಾರಿತು, ಚುಕ್ಕಾಣಿ ಒತ್ತಿದೆ, ವಾಪಸ್ಸು ಬಂದು ಕೂತಿತು. ಅಂಚು ಹಿಡಿದು ನೇರ ಹೊಲಿಯುವುದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎರಡೂ ಪಕ್ಕದಲ್ಲಿ ಅಲೆ ಒಡೆದು ಬೆಳ್ಳಗೆ ನೊರೆ ಕಾಣತೊಡಗಿತು. ಅಲ್ಲೆಲ್ಲ ಮರಳು. ಅಳಿವೆಯ ನಟ್ಟನಡುವೆ ಬಂದಾಗ ಗಾಳಿ ಸ್ವಲ್ಪ ಸುಸ್ತಾಯಿತು. ಹಾಯಿ ಸಡಿಲವಾಗಿ ಅಲುಗಿತು. ಆಗ ಶುರುವಾಯಿತು.

ಟಕ್. ಟಕ್. ಟಕ್.

ನಮ್ಮವರ ತಲೆ ಎದ್ದಿತು. ಏಳನೇ ಮಹಡಿಯ ಸದ್ದು ಕೇಳಿ ನೆಲಮಹಡಿಯಲ್ಲಿ ನಿಂತು ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದ ಕಿವಿ ಅದು.

"ಅದೇನೇ ಸದ್ದು?"

ನಾನು ಗೋಡೆ ನೋಡುತ್ತಿದ್ದೆ.

"ಹಿತ್ತಾಳೆ. ಹಿತ್ತಾಳೆ ಕಂಬಕ್ಕೆ ಬಡೀತಾ ಇದೆ. ಬಟ್ಟೆ ಸುತ್ತಿದೆ ಅದಕ್ಕೆ." ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ತುಂಬಾ ಹೊತ್ತು ನೋಡಿದರು. "ಅದು ನನ್ನ ಶರ್ಟು."

"ಹೂಂ," ಎಂದೆ, ಅವರ ಕಾಲುಗಳ ಹಾಗೆ.

"ಒಳಜೇಬು?"

"ಒಳಜೇಬೂ."

"ಯಾವಾಗಿಂದ ಗೊತ್ತು ನಿನಗೆ?"

"ಒಂದು ಗಂಟೆಯಿಂದ. ಹೇಳಿದ್ರೆ ಬಿಚ್ಚುತ್ತಿದ್ರಿ."

ಅವರು ಕಂಬದ ಬುಡಕ್ಕೆ ಹೋಗಿ, ಹಾಯಿ ಏರಿಸಿ ಕಟ್ಟಿದ್ದ ಹಗ್ಗದ ಮೇಲೆ ಕೈಯಿಟ್ಟರು. "ಎರಡೇ ನಿಮಿಷ ಕಣೇ. ಇಳಿಸಿ, ಕತ್ತರೀಲಿ ಒಂದೇ ಸಲ ಸೀಳಿ, ಬೋಲ್ಟ್ ಹಾಕಿದ್ರೆ ಇಂಜಿನ್ ಮೇಲೇ ಹೋಗಬಹುದು. ಸೇಫು."

ಅದೇ ಹೊತ್ತಿಗೆ ದೋಣಿಯ ಹೊಟ್ಟೆಯ ಕೆಳಗಿನ ರೆಕ್ಕೆ ಮರಳನ್ನು ಒಮ್ಮೆ ಸವರಿತು. ಸಣ್ಣಗೆ 'ಸರ್' ಎಂದಿತು. ಅನ್ನ ತಳ ಹಿಡಿಯುವ ಮೊದಲು ಕೇಳಿಸುವಂಥ ಸದ್ದು. ಹಾಯಿ ಇಳಿಸಿದರೆ ದೋಣಿ ಇಲ್ಲೇ ಕೂರುತ್ತದೆ, ಇಲ್ಲೇ ಕೂತರೆ ಉಬ್ಬರ ಇಳಿಯುತ್ತದೆ. ಇವರಿಗೂ ಗೊತ್ತು, ನನಗೂ ಗೊತ್ತು. ಆದರೆ ಮೂವತ್ತೆರಡು ವರ್ಷ ಒಂದು ಸದ್ದನ್ನೂ ಬಿಟ್ಟುಹೋಗದ ಕೈ ಅದು. ಮೇಲೆ ಟಕ್ ಟಕ್ ಕರೆಯುತ್ತಲೇ ಇತ್ತು.

ಬೈಯಲು ಮನಸ್ಸಾಗಲಿಲ್ಲ. ಬೇಡಿಕೊಳ್ಳಲು ಅಭ್ಯಾಸವಿರಲಿಲ್ಲ.

"ಟ್ಯಾಂಕು ಬಿರುಕಿನ ಮೇಲೆ ಸರಿಯಾಗಿ ಕೂತಿದೆ ರೀ," ಎಂದೆ. "ನನ್ನ ಕೆಲಸ ಅಷ್ಟೇ. ಹಗ್ಗ ನಿಮ್ಮ ಕೈಯಲ್ಲಿದೆ."

ಅವರು ಹಗ್ಗ ಬಿಚ್ಚಿದರು. ನನಗೆ ಕಣ್ಣು ಮುಚ್ಚುವ ಹಾಗಿರಲಿಲ್ಲ, ಗೋಡೆ ನೋಡಬೇಕಿತ್ತು. ಆ ಗೋಡೆಯನ್ನೇ ನೋಡುತ್ತಾ ತಂಗಿಯ ಮಹಡಿ ರೂಮನ್ನೂ ಅದರ ಎರಡು ಕಿಟಕಿಗಳನ್ನೂ ಮನಸ್ಸಿನಲ್ಲಿ ಗುಡಿಸಿ ಸಾರಿಸಿದೆ. ಆಮೇಲೆ ಇವರು 'ಹಾಂ' ಎಂದು ಉಸಿರು ಬಿಗಿಹಿಡಿದದ್ದು ಕೇಳಿಸಿತು. ಹಗ್ಗ ಕೀಚ್ ಎಂದಿತು. ಇಳಿಸಿರಲಿಲ್ಲ. ಇನ್ನೊಂದು ಗೇಣು ಮೇಲಕ್ಕೆ ಎಳೆದು ಬಿಗಿ ಮಾಡಿದ್ದರು.

ಸಡಿಲ ಹಾಯಿ ಹಪ್ಪಳದಂತೆ ಬಿಗಿಯಿತು. ಮೂಲೆ ಕಂಬಕ್ಕೆ ಬಡಿಯುವುದನ್ನು ನಿಲ್ಲಿಸಿತು. ದೋಣಿ ಒಮ್ಮೆ ವಾಲಿ, ಹಿಂದಿನಿಂದ ಬಂದ ಗಾಳಿಯನ್ನು ಹೊಟ್ಟೆ ತುಂಬ ಕುಡಿದು, ಮುಂದೆ ಸರಿಯಿತು. ಅಡಿಯ 'ಸರ್' ಸದ್ದು ನಿಂತಿತು. ನೀರಿನ ಬಣ್ಣ ಕಂದಿನಿಂದ ಹಸಿರಾಯಿತು, ಆಮೇಲೆ ಹಸಿರು ಅನ್ನಲೂ ಆಗದ ಮತ್ತೇನೋ ಆಯಿತು.

ನಮ್ಮವರು ಬಂದು ನನ್ನ ಪಕ್ಕ ಕೂತರು.

"ಬೋಲ್ಟು?" ಎಂದು ಕೇಳಿದೆ.

"ಇರ್ಲಿ ಬಿಡು. ಎಲ್ಲಿದೆ ಅಂತ ಗೊತ್ತಲ್ಲ." ಮೇಲೆ ನೋಡಿದರು. "ನಾಳೆ ನೋಡೋಣ."

ಈ ಮಾತನ್ನು ನಾನು ಕಮ್ಮಿ ಎಂದರೆ ಆರುನೂರು ಸಲ ಕೇಳಿದ್ದೇನೆ. ಕೇಳಿ ನಗು ಬಂದದ್ದು ಇದೇ ಮೊದಲು. ನಿಜವಾದ ನಗು. ಅವರು ಮೊದಲು ಹೆದರಿ ನನ್ನ ಮುಖ ನೋಡಿದರು, ಆಮೇಲೆ ಸಿಡಿಲಲ್ಲ ಎಂದು ಖಾತ್ರಿ ಮಾಡಿಕೊಂಡು ತಾವೂ ನಕ್ಕರು.

ಒಂಬತ್ತೂವರೆಗೆ ಚುಕ್ಕಾಣಿಯನ್ನು ಅವರಿಗೆ ಕೊಟ್ಟು ಕೆಳಗೆ ಹೋದೆ. ಟೀ ಇಡಲು ಹೋದವಳು ಒಲೆ ಹಚ್ಚಲಿಲ್ಲ, ಕಿಟಕಿಯ ಹತ್ತಿರ ಕೂತೆ. ಅಷ್ಟರಲ್ಲಿ ಫೋನು.

"ಅಕ್ಕಾ, ನಾಳೆ ಎಷ್ಟು ಗಂಟೆ ಬಸ್ಸು? ಇವರನ್ನ ಸ್ಟ್ಯಾಂಡಿಗೆ ಕಳಿಸ್ಲಾ?"

"ಬಸ್ಸಿಲ್ಲ ಕಣೇ. ರೂಮು ಬೇರೆಯವರಿಗೆ ಕೊಟ್ಬಿಡು. ಭಾನುವಾರ ಹೊತ್ತಿಗೆ ನಿಮ್ಮ ಬಂದರಿಗೆ ಬರ್ತೀವಿ. ಗಾಳಿ ಬಿದ್ರೆ ಸೋಮವಾರ. ನಿಮ್ಮ ಭಾವ ಏನಾದ್ರೂ ಬಿಚ್ಚಿದ್ರೆ ಗೊತ್ತಿಲ್ಲ."

"ದೋಣಿ ಹೊರಟಿತಾ?" ಅವಳ ದನಿ ಕೀರಲಾಯಿತು. "ನಿಜವಾಗ್ಲೂ? ಎಲ್ಲಿದ್ದೀರಾ ಈಗ? ಏನು ಕಾಣ್ತಿದೆ ಅಲ್ಲಿ?"

ತಟ್ಟೆಯಷ್ಟು ಕಿಟಕಿಯಲ್ಲಿ ಒಂದು ಬಂಡೆ ಬಂತು, ಬಂಡೆಯ ತುಂಬಾ ಹಕ್ಕಿಗಳು. ಹೇಳಲು ಬಾಯಿ ತೆರೆದೆ. ಬಂಡೆ ಹೋಯಿತು, ಅದರ ಜಾಗಕ್ಕೆ ಉದ್ದನೆಯ ಖಾಲಿ ದಡ ಬಂತು, ದಡದ ಮೇಲೆ ಯಾರೋ ಇಬ್ಬರು ಬಲೆ ಕೊಡವುತ್ತಿದ್ದರು.

"ತಾಳೇ ಒಂದು ನಿಮಿಷ," ಎಂದೆ. "ಬದಲಾಗ್ತಾ ಇದೆ."